ಎರಡನೆಯವರ ಮಾತು

ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ತೂಕದ ಬಟ್ಟನ್ನು ಉಜ್ಜಿ, ಅರ ಹಾಕಿ, ತಕ್ಕಡಿಯಲ್ಲಿಟ್ಟು ಹದಕ್ಕೆ ತಂದವರು ತಾವೇ ಅದನ್ನು ‘ಸರಿ’ ಎನ್ನುವಂತಿರಲಿಲ್ಲ. ಎರಡನೆಯವರೊಬ್ಬರು ಬಂದು, ಬಗ್ಗಿ, ತಕ್ಕಡಿಯ ಮುಳ್ಳು ನಡುಗೆರೆಯ ಮೇಲೆ ನಿಂತಿದೆಯೇ ಎಂದು ನೋಡಿ, ಬಾಯಿಬಿಟ್ಟು ‘ಸರಿ’ ಎನ್ನಬೇಕಿತ್ತು. ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದ ಮೇಲಷ್ಟೇ ಬಟ್ಟು ಪೆಟ್ಟಿಗೆಯ ಮಖಮಲ್ಲಿನ ಗುಳಿಯೊಳಗೆ ಮಲಗುತ್ತಿತ್ತು.

ಬಟ್ಟು ಎಂದರೆ ತರಕಾರಿ ತೂಗುವ ಕಬ್ಬಿಣದ ಕಲ್ಲು ಎಂದುಕೊಳ್ಳಬೇಡಿ. ಚಿನ್ನದ ಕೆಲಸದವರು, ಔಷಧಿ ಅರೆದು ಕೊಡುವವರು, ಕಾಲೇಜಿನ ಪ್ರಯೋಗಶಾಲೆಯವರು ಬಳಸುವ ಹಿತ್ತಾಳೆಯ ಬಟ್ಟುಗಳು ಅವು. ಕೆಲವಂತೂ ಬರೀ ತಗಡಿನ ಚೂರು, ಹತ್ತಿರ ಕೂತು ಸೀನಿದರೆ ಹಾರಿಹೋಗುವಂಥವು. ಅವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಚಿಮಟದಲ್ಲೇ ಎತ್ತಬೇಕು. ಬೆರಳಿನ ಜಿಡ್ಡೂ ತೂಗುತ್ತದೆ.

ಕಟ್ಟಳೆ ಮಾಡಿದವರು ನನ್ನ ಮಾವ. ಅದನ್ನು ಬಿಗಿಯಾಗಿ ಹಿಡಿದುಕೊಂಡವರು ನನ್ನ ಗಂಡ. ಮಾವ ಹೋದ ಮೇಲೆ ಎರಡನೆಯವರ ಜಾಗಕ್ಕೆ ನಾನು ಬಂದೆ. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಬಟ್ಟಿನ ಮೇಲೆ ಕೊರೆದ ಅಂಕಿ ಓದಲಾರದವಳು ‘ಸರಿ’ ಎಂದರೆ ಏನು ಬೆಲೆ ಎಂದು ನನ್ನ ಗಂಡನೇ ನನ್ನನ್ನು ರಾತ್ರಿ ಶಾಲೆಗೆ ಸೇರಿಸಿದರು. ಕಂಕುಳಲ್ಲಿ ಮಗನನ್ನು ಇಟ್ಟುಕೊಂಡೇ ನಾನು ಒಂದು, ಎರಡು ತಿದ್ದಿದೆ.

ನನ್ನ ಗಂಡನಿಗೆ ಬೀದಿಯವರು ‘ಇನ್ನೊಂದ್ಸಲ’ ಎಂದು ಹೆಸರಿಟ್ಟಿದ್ದರು. ಎಷ್ಟು ನೋಡಿದರೂ ಅವರಿಗೆ ಇನ್ನೊಂದು ಸಲ ನೋಡಬೇಕು. ಗಿರಾಕಿಗಳು ಅಂಗಡಿಯ ಮೆಟ್ಟಿಲಲ್ಲಿ ನಿಂತು, “ಇನ್ನೊಂದ್ಸಲ ಇದ್ದಾರಾ ಒಳಗೆ?” ಎಂದೇ ಕೇಳುತ್ತಿದ್ದರು. ಚಿನ್ನದ ಅಂಗಡಿಯವನೊಬ್ಬ ಒಮ್ಮೆ ನನ್ನನ್ನು ಕೆಣಕಿದ್ದ.

“ಅಮ್ಮಾ, ಹೆಣ್ಣು ನೋಡೋಕೆ ಬಂದಾಗ್ಲೂ ಇನ್ನೊಂದ್ಸಲ ನೋಡ್ತೀನಿ ಅಂದ್ರಾ ನಿಮ್ಮ ಯಜಮಾನ್ರು?”

“ಅಂದ್ರು. ಅಷ್ಟರಲ್ಲಿ ನಾನು ನೋಡ್ಬಿಟ್ಟಿದ್ದೆ, ತಪ್ಪಿಸ್ಕೊಳ್ಳೋಕಾಗ್ಲಿಲ್ಲ” ಎಂದಿದ್ದೆ. ನನ್ನ ಗಂಡನೂ ನಕ್ಕಿದ್ದರು, ಕಣ್ಣು ಮಾತ್ರ ತಕ್ಕಡಿಯ ಮುಳ್ಳಿನ ಮೇಲೆ.

ಅಂಗಡಿಯ ಕಟ್ಟಳೆ ಮೆಲ್ಲಗೆ ಮನೆಯೊಳಗೂ ಬಂತು. ಚಿಲಕ ಹಾಕಿದವರು ಅವರಾದರೆ ನೋಡಿ ಹೇಳಬೇಕಾದವಳು ನಾನು. ಒಲೆ ಆರಿಸಿದವರು ಅವರು, ನೋಡುವವಳು ನಾನು. “ನೋಡಿದ್ಯಾ?” “ನೋಡ್ದೆ, ಸರಿ.” “ಮುಟ್ಟಿ ನೋಡಿದ್ಯಾ?” “ಮುಟ್ಟಿ ನೋಡ್ದೆ, ಸರಿ.” ಅಷ್ಟಾದರೆ ಅವರು ಮಗ್ಗುಲಾಗುತ್ತಿದ್ದರು. ನನಗೆ ಅದು ಬೇಸರವೆನಿಸಿದ್ದಿಲ್ಲ. ಕೆಲವರ ಗಂಡಂದಿರು ಕುಡಿಯುತ್ತಾರೆ, ಕೆಲವರ ಗಂಡಂದಿರು ಹೊಡೆಯುತ್ತಾರೆ, ನನ್ನವರು ಕೇಳುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಬೀದಿಯವರು ನನ್ನ ತಾಳ್ಮೆಯನ್ನು ಹೊಗಳುತ್ತಿದ್ದರು. ಅವರದ್ದನ್ನು ಯಾರೂ ಕಾಯಿಲೆ ಎನ್ನಲಿಲ್ಲ, ಅಚ್ಚುಕಟ್ಟು ಎಂದರು. ಆ ಅಚ್ಚುಕಟ್ಟಿಗೇ ಊರಾಚೆಯಿಂದಲೂ ಗಿರಾಕಿಗಳು ಬರುತ್ತಿದ್ದರು. ಎದೆನೋವಿನಿಂದ ಮಲಗಿದವರು ಕೊನೆಗೆ ಕೇಳಿದ್ದೂ ಅಂಗಡಿಯ ಬೀಗದ ವಿಷಯವನ್ನೇ. ಸರಿ ಎಂದೆ. ಕಣ್ಣು ಮುಚ್ಚಿದರು.

ಅವರಿರುವಾಗಲೇ, ಮಗನಿಗೆ ಮೀಸೆ ಮೂಡುವ ಹೊತ್ತಿಗೇ ಅವನಲ್ಲೂ ಈ ಕೇಳುವ ಚಾಳಿ ಶುರುವಾಗಿತ್ತು. ಅಪ್ಪನ ಹಾಗೆ ಎಂದುಕೊಂಡೆವು. ಆದರೆ ಅಪ್ಪನಿಗೆ ಇದ್ದದ್ದು ಅನುಮಾನ, ಮಗನಿಗೆ ಇದ್ದದ್ದು ಭಯ. ಔಷಧಿಯವರ ಬಟ್ಟಿಗೆ ತನ್ನ ಬೆರಳು ತಗುಲಿತು, ಜಿಡ್ಡು ಕೂತಿತು, ತೂಕ ತಪ್ಪಿತು, ಅದರಲ್ಲಿ ಅಳೆದ ಔಷಧಿ ಯಾವುದೋ ಮಗುವಿನ ಬಾಯಿಗೆ ಹೋಯಿತು. ಅವನ ತಲೆಯಲ್ಲಿ ಆ ಮಗು ದಿನವೂ ಸಾಯುತ್ತಿತ್ತು.

“ಅಮ್ಮಾ, ನನ್ನ ಬೆರಳು ತಗುಲ್ತಾ?”

“ಇಲ್ಲಪ್ಪ, ನೀನು ಚಿಮಟದಲ್ಲೇ ಹಿಡಿದಿದ್ದೆ. ಸರಿ ಇದೆ.”

“ನೀನು ನೋಡ್ತಾನೇ ಇದ್ಯಾ, ಇಲ್ಲಾ ನನ್ನ ಸಮಾಧಾನಕ್ಕೆ ಹೇಳ್ತಿದ್ಯಾ?”

ಈ ಮಾತನ್ನು ಅವನು ಆಗೆಲ್ಲ ಆಡುತ್ತಿದ್ದ, ಮದುವೆಗೂ ಮುಂಚೆ. ಆಮೇಲೆ ಆಮೇಲೆ ಇಷ್ಟು ಉದ್ದಕ್ಕೆ ಕೇಳುವ ತ್ರಾಣವೂ ಅವನಲ್ಲಿ ಉಳಿಯಲಿಲ್ಲ. ಬರೀ “ಅಮ್ಮಾ?” ಎನ್ನುತ್ತಿದ್ದ. ನಾನು “ಸರಿ” ಎನ್ನುತ್ತಿದ್ದೆ. ಮದುವೆಯಾದ ಮೇಲೆ ಸೊಸೆಯೂ ಕಲಿತಳು. ಅವಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನವಿಡೀ ಊರವರ ಕಾಲ ಬುಡದಲ್ಲಿ ಕೂತು ಬಂದರೂ ಬಾಯಿಯ ಚುರುಕು ಕಡಿಮೆಯಾಗುತ್ತಿರಲಿಲ್ಲ.

“ಅತ್ತೆ, ನಮ್ಮನೇಲಿ ಅನ್ನಕ್ಕಿಂತ ಸೋಪೇ ಜಾಸ್ತಿ ಖರ್ಚಾಗ್ತಿದೆ. ನಿಮ್ಮ ಮಗ ಇನ್ನೊಂದು ಸ್ವಲ್ಪ ತೊಳ್ಕೊಂಡ್ರೆ ಅವರ ಕೈಯೊಳಗಿಂದ ಆ ಕಡೆ ಇರೋದು ಈ ಕಡೆಗೆ ಕಾಣಿಸತ್ತೆ.”

ತಮಾಷೆ ಮಾಡುತ್ತಲೇ ಅವನ ಕೈಗೆ ಎಣ್ಣೆ ಸವರುತ್ತಿದ್ದಳು. ಬೆರಳ ಸಂದುಗಳಲ್ಲಿ ಚರ್ಮ ಸೀಳಿ ರಕ್ತ ಬರುತ್ತಿತ್ತು. ಎಣ್ಣೆ ಸವರಿದರೆ ಜಿಡ್ಡು, ಜಿಡ್ಡೆಂದರೆ ಮತ್ತೆ ನಲ್ಲಿ. ಅವಳು ಸವರುವುದನ್ನು ಬಿಡಲಿಲ್ಲ, ಅವನು ತೊಳೆಯುವುದನ್ನು ಬಿಡಲಿಲ್ಲ.

ಅವರ ಮಗಳನ್ನು ನಾವೆಲ್ಲ ಚಿಮಟ ಎಂದೇ ಕರೆಯುತ್ತಿದ್ದೆವು. ಹುಟ್ಟಿದ ಕೂಸು ಅಜ್ಜನ ಬೆರಳನ್ನು ಹಿಡಿದುಕೊಂಡದ್ದು ಬಿಡಲೇ ಇಲ್ಲ, ಅವರೇ ಇಟ್ಟ ಹೆಸರು. ನನ್ನ ಆಸೆಯೆಲ್ಲ ಒಂದೇ ಆಗಿತ್ತು. ಇದು ನನ್ನ ಮಗನಲ್ಲೇ ನಿಂತುಹೋಗಲಿ, ಈ ಹುಡುಗಿಯವರೆಗೆ ಬರದಿರಲಿ. ಅದಕ್ಕಾಗಿ ನಾನು ಅವಳನ್ನು ಹುಟ್ಟಿದಾಗಿನಿಂದ ಕಾಯುತ್ತಿದ್ದೆ. ಆಟದ ಸಾಮಾನು ಸಾಲಾಗಿ ಜೋಡಿಸುತ್ತಾಳೆಯೇ, ಕೈ ಹೆಚ್ಚು ತೊಳೆಯುತ್ತಾಳೆಯೇ, ಬಾಗಿಲ ಹತ್ತಿರ ಹಿಂದಿರುಗಿ ನೋಡುತ್ತಾಳೆಯೇ. ಒಂದೂ ಇರಲಿಲ್ಲ. ಅವಳ ಪುಸ್ತಕ ಮಂಚದ ಕೆಳಗೆ, ಒದ್ದೆ ಟವೆಲು ಪುಸ್ತಕದ ಮೇಲೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಸೊಸೆ ಬೈಯುತ್ತಿದ್ದಳು, “ಚಪ್ಪಲಿ ಮಾರೋಳ ಮಗಳು ನೋಡು, ಜೋಡಿ ಅಂದ್ರೇನು ಅಂತ ಗೊತ್ತಿಲ್ಲ.” ನಾನು ಆ ಚಪ್ಪಲಿಗಳನ್ನು ಕಣ್ತುಂಬ ನೋಡುತ್ತಿದ್ದೆ. ಅವು ಹಾಗೆ ಅಡ್ಡಾದಿಡ್ಡಿ ಬಿದ್ದಿರುವವರೆಗೆ ನನಗೆ ಧೈರ್ಯ.

ಚಿಮಟ ಕಾಲೇಜು ಸೇರಿದ ವರ್ಷ ಅಂಗಡಿ ಹೆಚ್ಚುಕಡಿಮೆ ನಿಂತೇಹೋಯಿತು. ಮಗನಿಗೆ ಯಾವ ಬಟ್ಟನ್ನೂ ಕೊಟ್ಟು ಕಳಿಸಲು ಮನಸ್ಸು ಬರುತ್ತಿರಲಿಲ್ಲ. ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದ, ಮತ್ತೆ ತೂಗುತ್ತಿದ್ದ. ಅರ ಹಾಕಿ ಹಾಕಿ ಬಟ್ಟು ಸವೆದು ಕೆಟ್ಟೇಹೋಗುತ್ತಿತ್ತು. ಪ್ರಯೋಗಶಾಲೆಯವರು ಬಂದು ತಮ್ಮ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಹೋದರು. ಆ ದಿನ ಅವನು ಸ್ನಾನದ ಮನೆಯಿಂದ ಹೊರಗೆ ಬರಲಿಲ್ಲ. ಬಾಗಿಲಾಚೆ ನಿಂತು ನಾನು ಸರಿ, ಸರಿ ಎನ್ನುತ್ತಲೇ ಇದ್ದೆ. ಮೊದಲೆಲ್ಲ ಒಂದು ಸರಿಗೆ ಬಾಗಿಲು ತೆಗೆಯುತ್ತಿದ್ದವನಿಗೆ ಈಗ ನನ್ನ ಗಂಟಲು ಒಣಗುವವರೆಗೆ ಹೇಳಿದರೂ ಸಾಲುತ್ತಿರಲಿಲ್ಲ. ಸೊಸೆ ಬಂದವಳೇ, “ಸಾಕು ಅತ್ತೆ. ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ, ಎಲ್ರೂ” ಎಂದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಅವಸರ ಇರಲಿಲ್ಲ. ಮಗನ ಕೈಗಳನ್ನು ನೋಡಿದರು. ಅವನು ಸಾಯುವ ಮಗುವಿನ ಕತೆಯನ್ನು ತಲೆ ತಗ್ಗಿಸಿ ಹೇಳಿದಾಗ, “ಈ ಯೋಚನೆ ಬರೋದು ನಿಮ್ಮೊಬ್ರಿಗೇ ಅಲ್ಲ, ಇದಕ್ಕೆ ಹೆಸರೂ ಇದೆ, ಔಷಧಿನೂ ಇದೆ” ಎಂದರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಚೌಕ, ಸೊನ್ನೆಗಳನ್ನು ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಮಗನ ಚೌಕಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿದರು. ಅವನ ಅಪ್ಪನ ಬಗ್ಗೆ ಕೇಳಿದರು. ನಾನು ಚಿಲಕ, ಒಲೆ, ಬೀಗ ಎಲ್ಲ ಹೇಳಿದೆ. ಆ ಚೌಕವೂ ಕಪ್ಪಾಯಿತು. ಅಷ್ಟು ವರ್ಷ ಒಟ್ಟಿಗೆ ಬಾಳಿದವರು ಅಷ್ಟು ಬೇಗ ಕಪ್ಪಾದದ್ದು ನೋಡಿ ನನಗೆ ಹೇಗೋ ಆಯಿತು.

“ನಿಮ್ಮ ತವರಿನ ಕಡೆ ಯಾರಾದ್ರೂ?”

“ನಮ್ಮ ಕಡೆ ಯಾರೂ ಇಲ್ಲ. ಇದೆಲ್ಲ ಅವರ ಕಡೆಯದ್ದೇ” ಎಂದೆ. ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದ ಮಾತು, ಸಲೀಸಾಗಿ ಬಂತು.

“ತೊಳೆಯೋದು, ನೋಡೋದು ಮಾತ್ರ ಅಲ್ಲಮ್ಮ. ಕೂದಲು ಕಿತ್ಕೊಳ್ಳೋರು, ಚರ್ಮ ಕೆದಕ್ಕೊಳ್ಳೋರು, ಕಣ್ಣು ಪಿಳಿಪಿಳಿ ಮಾಡ್ತಾನೇ ಇರೋರು, ಹರಿದ ಚಿಂದಿನೂ ಬಿಸಾಡದೆ ಕೂಡಿಡೋರು. ಇವೆಲ್ಲ ಹತ್ತಿರದ ನೆಂಟರು ಇದ್ದ ಹಾಗೆ, ಒಂದೇ ಮನೆತನದಲ್ಲಿ ಅಲ್ಲಲ್ಲಿ ಕಾಣಿಸ್ಕೊಳ್ತವೆ.”

ನನ್ನ ತಂಗಿ ಎಂಥ ಸೆಖೆಯಲ್ಲೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದಳು. ಬಟ್ಟೆಯ ಕೆಳಗೆ ನೆತ್ತಿ ಅಂಗೈಯ ಹಾಗಿತ್ತು. ತಾನೇ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಳು. ಅಮ್ಮ ಅವಳ ಕೈಗೆ ಹೊಡೆಯುತ್ತಿದ್ದಳು, ಮದುವೆ ಮಾತು ಬಂದಾಗ ಜ್ವರ ಬಂದು ಉದುರಿತು ಎನ್ನುತ್ತಿದ್ದಳು. ಅದನ್ನು ಹೇಳಿದೆ. ಡಾಕ್ಟರಮ್ಮ ನನ್ನ ಪಕ್ಕದ ಸೊನ್ನೆಗೆ ಅರ್ಧ ಕಪ್ಪು ತುಂಬಿದರು. ಸೊಸೆ ನನ್ನ ಕಡೆ ನೋಡಲಿಲ್ಲ, ಅವಳ ಒಳ್ಳೆಯತನ ಅದು.

“ಹಾಗಾದ್ರೆ ಎರಡೂ ಕಡೆಯಿಂದ ಬಂತಾ?” ಮಗ ಕೇಳಿದ.

“ಇದಕ್ಕೇ ಅಂತ ಒಂದು ಜೀನ್ ಇಲ್ಲ. ತುಂಬಾ ಇವೆ, ಒಂದೊಂದರ ಪಾಲೂ ತೀರಾ ಸಣ್ಣದು.”

“ನಮ್ಮ ತಗಡಿನ ಬಟ್ಟಿನ ಹಾಗೆ.”

“ಹೌದು, ಹಾಗೇ ಅಂದ್ಕೊಳ್ಳಿ. ಎಲ್ರ ತಟ್ಟೇಲೂ ಒಂದಷ್ಟು ಬಿದ್ದಿರತ್ತೆ. ಜೀವನದಲ್ಲಿ ಆಗೋದೂ ಅದೇ ತಟ್ಟೆಗೆ ಬಂದು ಬೀಳತ್ತೆ. ಯಾರ ತಟ್ಟೆ ಯಾವಾಗ ಕೆಳಗಿಳಿಯತ್ತೆ ಅಂತ ಮುಂಚೆನೇ ಹೇಳೋಕೆ ನಮಗೆ ಬರಲ್ಲ.”

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಚಿಮಟ ಹಾಳೆಯತ್ತ ಬಗ್ಗಿದಳು. ಕೆಳತುದಿಯಲ್ಲಿ ಅವಳ ಸೊನ್ನೆ ಬಿಳಿಯಾಗಿಯೇ ಇತ್ತು.

“ಇದು ನಾನಾ?”

“ಹೌದಮ್ಮ.”

“ರಕ್ತ ಪರೀಕ್ಷೆ ಮಾಡಿ ಹೇಳೋಕಾಗಲ್ವಾ, ನನಗೆ ಬರತ್ತೋ ಇಲ್ವೋ ಅಂತ?”

“ಆಗಲ್ಲ. ಅಪ್ಪನಿಗೋ ಅಮ್ಮನಿಗೋ ಇದ್ದೋರಿಗೆ ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ, ನಿಜ. ಅವರಿಗೆ ಚಿಕ್ಕ ವಯಸ್ಸಲ್ಲೇ ಶುರುವಾಗಿದ್ರೆ ಇನ್ನೂ ಸ್ವಲ್ಪ ಜಾಸ್ತಿ. ಆದ್ರೂ ಹೆಚ್ಚಿನವರಿಗೆ ಬರಲ್ಲ.”

“ಹೆಚ್ಚಿನವರಿಗೆ ಬರಲ್ಲ” ಎಂದು ಚಿಮಟ ಮೆಲ್ಲಗೆ ತನಗೇ ಹೇಳಿಕೊಂಡಳು. ಬಸ್ಸಿನಲ್ಲಿ ಬರುವಾಗ ನನ್ನನ್ನೂ ಕೇಳಿದಳು, “ಹೆಚ್ಚಿನವರಿಗೆ ಬರಲ್ಲ ಅಂದ್ರಲ್ವಾ ಅಜ್ಜಿ?” ಹೌದು ಮಗಳೇ ಎಂದೆ. ನನಗೂ ಅದನ್ನು ಹೇಳುವುದು ಹಿತವಾಗಿತ್ತು.

ಮಾತ್ರೆ ಕೊಟ್ಟರು. ಅದಕ್ಕಿಂತ ಕಷ್ಟದ ಇನ್ನೊಂದು ಔಷಧಿಯನ್ನು ನಮ್ಮ ಬಾಯಿಗೆ ಕೊಟ್ಟರು. ಇನ್ನು ಮೇಲೆ ನಾವ್ಯಾರೂ ಅವನಿಗೆ ‘ಸರಿ’ ಎನ್ನಬಾರದು. ಎಷ್ಟು ಕೇಳಿದರೂ, ಅತ್ತರೂ, ಬೈದರೂ. “ನೀವು ಸರಿ ಅಂದ ಕೂಡ್ಲೇ ಅವರಿಗೆ ಹಗುರ ಆಗತ್ತೆ. ಆ ಹಗುರ ನಿಲ್ಲಲ್ಲ, ಅದಕ್ಕೇ ಮತ್ತೆ ಕೇಳ್ತಾರೆ. ನೀವು ಪ್ರೀತಿಯಿಂದ ಕೊಡ್ತಿದ್ದೀರಿ, ಕಾಯಿಲೆ ಅದನ್ನ ತಿಂದು ಬೆಳೀತಿದೆ. ಭಯ ಅದಾಗದೇ ಇಳಿಯೋದನ್ನ ಅವರೇ ಒಂದ್ಸಲ ಕಂಡ್ಕೋಬೇಕು” ಎಂದರು. ಮಗನೂ ಒಪ್ಪಿದ. ನಮ್ಮ ಮೂವರ ಮುಖವನ್ನೂ ಒಂದೊಂದು ಸಲ ನೋಡಿ ತಲೆಯಾಡಿಸಿದ.

ಮೊದಲ ದಿನ ಬೆಳಿಗ್ಗೆಯೇ ಕೇಳಿದ. “ಅಮ್ಮಾ?” ಎಂದ.

ನಾನು ಸುಮ್ಮನಿದ್ದೆ.

“ಅಮ್ಮಾ, ಕೈ ಒರೆಸ್ಕೊಂಡ ಬಟ್ಟೆ ನೆಲಕ್ಕೆ ತಾಗ್ತಾ?”

“ಡಾಕ್ಟರಮ್ಮ ಏನಂದ್ರು, ನೆನಪಿದೆಯಲ್ಲಪ್ಪ.”

“ನೆನಪಿದೆ. ನಾಳೆಯಿಂದ ಮಾಡೋಣ. ಇವತ್ತೊಂದು ಸಲ.”

ತಲೆ ನೆರೆತ ಮಗ ನೆಲದ ಮೇಲೆ ಕೂತು ನನ್ನ ಮೊಣಕಾಲಿಗೆ ಹಣೆ ಒತ್ತಿದ. ನನ್ನ ನಾಲಿಗೆಯ ತುದಿಯಲ್ಲೇ ಇತ್ತು ಆ ಮಾತು, ಎರಡಕ್ಷರ. ಸೊಸೆ ಒಲೆಯ ಕಡೆ ತಿರುಗಿ ನಿಂತು, ಏನೂ ಬೇಯುತ್ತಿರದ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. ಚಿಮಟ ಬಾಗಿಲಲ್ಲಿ ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾವು ಯಾರೂ ಹೇಳಲಿಲ್ಲ. ತುಂಬಾ ಹೊತ್ತಿನ ಮೇಲೆ ಅವನಾಗಿ ಎದ್ದು ಅಂಗಡಿಗೆ ಹೋದ.

ಮನೆಯಲ್ಲಿ ಸರಿ ಎಂಬ ಮಾತೇ ಸತ್ತುಹೋಯಿತು. ಎಲ್ಲದಕ್ಕೂ ‘ಆಯ್ತು’ ಎಂದೆವು. “ಬಸ್ಸಲ್ಲಿ ಕಂಡಕ್ಟರು ಚಿಲ್ಲರೆ ಸರಿ ಇದೆಯೇನಮ್ಮಾ ಅಂದ್ರೆ ನನಗೆ ಮೈ ಬೆವರ್ತು ಅತ್ತೆ” ಎಂದು ಸೊಸೆ ಒಂದು ಸಂಜೆ ಹೇಳಿದಳು. ಮಗನೂ ನಕ್ಕ. ಅವನು ನಗುವುದನ್ನು ಕಂಡು ಎಷ್ಟು ಕಾಲವಾಗಿತ್ತೋ. ನಿಜ ಹೇಳಬೇಕೆಂದರೆ, ಅವನು ಸುಧಾರಿಸುತ್ತಿದ್ದ. ನಲ್ಲಿಯ ಸದ್ದು ಕಡಿಮೆಯಾಯಿತು. ಬೆರಳ ಸಂದಿನ ಗಾಯ ಒಣಗಿತು. ಒಂದು ದಿನ ಚಿನ್ನದ ಅಂಗಡಿಯವನ ಬಟ್ಟುಗಳನ್ನು ತಾನೇ ತೂಗಿ, ಯಾರನ್ನೂ ಕರೆಯದೆ, ಕಟ್ಟಿ ಕೊಟ್ಟ. ಗಿರಾಕಿಯ ಹಿಂದೆಯೇ ಬೀದಿಯ ತಿರುವಿನವರೆಗೆ ನಡೆದು, ಅಲ್ಲಿ ನಿಂತು, ತಿರುಗಿ ಬಂದ. ಮುಖ ಸುಣ್ಣದಂತಿತ್ತು. “ವಾಪಸ್ ಕೇಳದೇನೇ ಬಂದ್ಬಿಟ್ಟೆ ಅಮ್ಮಾ” ಎಂದ. ಮಾವನ ಕಟ್ಟಳೆ ಆ ದಿನ ಮುರಿಯಿತು, ನನಗೆ ಹಬ್ಬದಷ್ಟು ಸಂತೋಷವಾಯಿತು.

ಅದೇ ದಿನಗಳಲ್ಲಿ ಚಿಮಟ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂರುವುದನ್ನು ರೂಢಿ ಮಾಡಿಕೊಂಡಳು.

“ಅಜ್ಜಿ, ಅಪ್ಪ ಬೆಳಿಗ್ಗೆ ಕೇಳ್ದಾಗ ನಾನು ಸುಮ್ನೇ ಇದ್ದೆ ತಾನೆ? ಬಾಯ್ತಪ್ಪಿ ಅಂದ್ಬಿಡ್ಲಿಲ್ಲ ತಾನೆ?”

“ಇಲ್ಲ ಮಗಳೇ, ಅನ್ನಲಿಲ್ಲ.”

ಎಷ್ಟು ಜವಾಬ್ದಾರಿಯ ಹುಡುಗಿ ಎಂದು ನನ್ನ ಹೊಟ್ಟೆ ತಣ್ಣಗಾಯಿತು. ಅಪ್ಪ ಬದುಕಿಕೊಳ್ಳಬೇಕೆಂಬ ಆಸೆ ಅವಳಿಗೂ ನನ್ನಷ್ಟೇ ಇದೆ ಎಂದುಕೊಂಡೆ. ಮರುದಿನ ತಾನು ತಲೆಯಾಡಿಸಿದೆನೇ ಎಂದು ಕೇಳಿದಳು. ಇಲ್ಲ ಎಂದೆ. ಅದರ ಮರುದಿನ, ಅಪ್ಪ ನೋಡಿದಾಗ ತನ್ನ ಕಣ್ಣು ‘ಸರಿ’ ಅಂದ ಹಾಗೆ ಇತ್ತೇ ಎಂದು ಕೇಳಿದಳು. ನನಗೆ ನಗು ಬಂತು. “ಕಣ್ಣಿಗೆಲ್ಲಿಂದ ಬಾಯಿ ಬರತ್ತೆ, ಹುಚ್ಚಿ” ಎಂದೆ. ಅವಳು ನಗಲಿಲ್ಲ. “ನೀನು ನನ್ನ ಕಣ್ಣು ನೋಡಿದ್ಯಾ ಅಂತ ಹೇಳು ಅಜ್ಜಿ.” ನೋಡಿದ್ದೆ ಎಂದೆ.

ನಮ್ಮ ಮನೆಯಲ್ಲಿ ಮಾಡಿದವರ ಮಾತಿಗೆ ಬೆಲೆಯಿಲ್ಲವಲ್ಲ. ತಾನು ಹೇಳಲಿಲ್ಲ ಎಂದು ಅವಳು ತಾನೇ ಹೇಳಿಕೊಂಡರೆ ಆಗದು, ನೋಡಿದವರು ಹೇಳಬೇಕು. ಅಂಗಡಿಯಲ್ಲಿ ನಿಲ್ಲಿಸಿದ ಕಟ್ಟಳೆ ಅಡುಗೆಮನೆಯಲ್ಲಿ ನಡೆಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಹಳೆಯ ಅಭ್ಯಾಸದಂತೆ ಬಗ್ಗಿ ಅವಳ ಮುಖ ನೋಡಿ, ಬಾಯಿಬಿಟ್ಟು ಹೇಳುತ್ತಿದ್ದೆ. ಅವಳ ಮುಖ ಸಡಿಲವಾಗುತ್ತಿತ್ತು, ಎದ್ದು ಹೋಗುತ್ತಿದ್ದಳು. ಕಾಲೇಜಿನಿಂದಲೂ ಫೋನ್ ಮಾಡತೊಡಗಿದಳು. “ಅಜ್ಜಿ, ಹೊರಡ್ತಾ ಬಾಗಿಲಲ್ಲಿ ನಾನು ಏನಂದೆ?” “ಹೋಗ್ಬರ್ತೀನಿ ಅಂದೆ.” “ಅಷ್ಟೇನಾ?” “ಅಷ್ಟೇ.” ಅಪ್ಪ ಊಟಕ್ಕೆ ಕೂತಾಗ ತಾನು ಎದ್ದು ಹೋಗುತ್ತಿದ್ದಳು. ಓದು ಇದೆ ಅನ್ನುತ್ತಿದ್ದಳು. ನಾನು ಅವಳ ಚಪ್ಪಲಿ ನೋಡುತ್ತಿದ್ದೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಏನೂ ಇಲ್ಲ, ಪರೀಕ್ಷೆ ಹತ್ತಿರ ಬಂತಲ್ಲ ಎಂದುಕೊಂಡೆ. ಆ ಚಪ್ಪಲಿ ನನಗೆ ಹೀಗೆ ಮೋಸ ಮಾಡಿತು.

ಒಂದು ಮಧ್ಯಾಹ್ನ ಸೊಸೆ ಕೆಲಸಕ್ಕೆ ಹೋಗಿದ್ದಳು. ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಹಲಗೆಯ ಗೋಡೆ. ಆ ಕಡೆ ಮಗ ಬಟ್ಟೆಯಲ್ಲಿ ಹಿತ್ತಾಳೆ ಒರೆಸುವ ಮೆತ್ತನೆಯ ಸದ್ದು ಕೇಳುತ್ತಿತ್ತು. ನನಗೆ ಅದು ಜೋಗುಳದ ಹಾಗೆ. ನಾನು ಕಾಳು ಆರಿಸುತ್ತಿದ್ದೆ. ಚಿಮಟ ಕಾಲೇಜಿನಿಂದ ಬಂದವಳು ಚೀಲವನ್ನೂ ಇಳಿಸದೆ ನನ್ನ ಎದುರು ಕುಕ್ಕರಿಸಿದಳು.

“ಅಜ್ಜಿ, ಬೆಳಿಗ್ಗೆ ಅಪ್ಪ ನಲ್ಲಿ ಹತ್ರ ನಿಂತಿದ್ರಲ್ಲ, ಆಗ ನಾನು ಕೆಮ್ಮಿದೆ. ಅದು ಬರೀ ಕೆಮ್ಮು ತಾನೆ?”

“ಬರೀ ಕೆಮ್ಮು.”

“ಅಪ್ಪಂಗೆ ಅದು ಸರಿ ಅಂದ ಹಾಗೆ ಕೇಳಿಸಿರಲ್ಲ ತಾನೆ? ನನ್ನಿಂದ ಅಪ್ಪಂಗೆ ಮತ್ತೆ ಜಾಸ್ತಿ ಆದ್ರೆ? ಸತ್ತುಗಿತ್ತು ಹೋದ್ರೆ?”

“ಕೆಮ್ಮಿಗೆ ಯಾರೂ ಸಾಯಲ್ಲ ಚಿಮಟ. ನಾನು ಅಲ್ಲೇ ಇದ್ನಲ್ಲ.”

“ನೀನು ನೋಡ್ತಾನೇ ಇದ್ಯಾ, ಇಲ್ಲಾ ನನ್ನ ಸಮಾಧಾನಕ್ಕೆ ಹೇಳ್ತಿದ್ಯಾ?”

ನಾನು ಬಾಯಿ ತೆರೆದಿದ್ದೆ. ಆ ಕಡೆ ಹಿತ್ತಾಳೆ ಒರೆಸುವ ಸದ್ದು ನಿಂತಿತು. ಮಗ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಚಿಮಟ ಹಾಗೇ ಇತ್ತು, ಅದರ ತುದಿಯಲ್ಲಿ ಒಂದು ತಗಡಿನ ಬಟ್ಟು.

“ಅಮ್ಮಾ, ಉತ್ತರ ಕೊಡ್ಬೇಡ.”

ಅವನ ದನಿ ಮೆತ್ತಗಿತ್ತು. ಚಿಮಟ ಅಪ್ಪನನ್ನೂ ನನ್ನನ್ನೂ ನೋಡಿದಳು.

“ಈಗ ಅವಳು ಅಂದ್ಲಲ್ಲ, ನೋಡ್ತಾನೇ ಇದ್ಯಾ, ಸಮಾಧಾನಕ್ಕೆ ಹೇಳ್ತಿದ್ಯಾ ಅಂತ. ಅದು ನನ್ನ ಮಾತು ಅಮ್ಮಾ. ಇವಳು ಹುಟ್ಟೋಕೆ ಮುಂಚೆ ನಿನ್ನ ಹತ್ರ ಕೇಳ್ತಿದ್ದೆ. ಇವಳ ಮುಂದೆ ನಾನು ಒಂದು ದಿನಾನೂ ಅದನ್ನ ಆಡಿಲ್ಲ. ಇವಳಿಗೆ ಎಲ್ಲಿಂದ ಬಂತು?”

ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಆ ಮಾತನ್ನು ಅವಳಿಗೆ ಹೇಳಿದವಳಲ್ಲ. ಅಕ್ಷರ ಅಕ್ಷರವೂ ಅದೇ. ಅವಳ ಹಿಂದಿನ ಪ್ರಶ್ನೆಗಳೆಲ್ಲ ಒಂದರ ಹಿಂದೊಂದು ನನ್ನ ಕಣ್ಮುಂದೆ ಬಂದವು. ತಲೆಯಾಡಿಸಿದ್ದು, ಕಣ್ಣು, ಬಾಗಿಲಲ್ಲಿ ಹೇಳಿದ ಮಾತು. ಒಂದೊಂದಕ್ಕೂ ನಾನು ಕೊಟ್ಟ ಉತ್ತರವೂ ಬಂತು. ಡಾಕ್ಟರಮ್ಮನ ಹಾಳೆಯ ಕೆಳತುದಿಯ ಬಿಳಿ ಸೊನ್ನೆ ಬಂತು. ಮಗನ ತಟ್ಟೆಯಿಂದ ನಾವೆಲ್ಲ ಸೇರಿ ಕಷ್ಟಪಟ್ಟು ಎತ್ತಿದ್ದನ್ನು ಹುಡುಗಿಯ ತಟ್ಟೆಗೆ ಹಾಕುತ್ತಾ ಬಂದಿದ್ದೆವು. ಅವಳ ತಟ್ಟೆಯಲ್ಲಿ ಮೊದಲೇ ಏನೇನು ಬಿದ್ದಿತ್ತೋ, ಅಜ್ಜನ ಕಡೆಯದ್ದೆಷ್ಟು, ನನ್ನ ತಂಗಿಯದ್ದೆಷ್ಟು, ಅದನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ.

“ಅಪ್ಪಾ, ನೀವು ಏನ್ ಹೇಳ್ತಿದ್ದೀರಾ?” ಚಿಮಟ ಎದ್ದು ನಿಂತಳು. ಚೀಲ ಹೆಗಲಿಂದ ಜಾರಿ ಕಾಳಿನ ಮೊರದ ಮೇಲೆ ಬಿತ್ತು. “ಇದು ಅದಲ್ಲ. ನಾನು ಕೈ ತೊಳ್ಕೊಳ್ಳಲ್ಲ, ಬೀಗ ನೋಡಲ್ಲ. ನನ್ನ ರೂಮ್ ನೋಡಿ ಹೇಗಿದೆ. ಇದು ಅದಲ್ಲ. ಅಲ್ಲ ತಾನೆ ಅಜ್ಜಿ?”

ನಾನು ಹರಡಿದ ಕಾಳನ್ನು ಕೂಡಿಸತೊಡಗಿದೆ.

“ಅಜ್ಜಿ. ಹೆಚ್ಚಿನವರಿಗೆ ಬರಲ್ಲ ಅಂದ್ರಲ್ಲ.”

ಬಂದಿಲ್ಲ ಎಂದರೆ ಸುಳ್ಳು, ಬಂದಿದೆ ಎನ್ನಲು ನಾಲಿಗೆ ಏಳದು. ಎರಡೂ ಅಲ್ಲದೆ ಸುಮ್ಮನಿರುವುದೇ ಔಷಧಿ ಎಂದು ಕಲಿಸಿದ್ದರಲ್ಲ. ಸುಮ್ಮನಿದ್ದೆ. ಮಗನೆದುರು ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು ಎಂದು ಆಗ ಗೊತ್ತಾಯಿತು. ಅವನು ಒಪ್ಪಿ ಕೂತಿದ್ದ. ಇವಳಿಗೆ ಏನೂ ಗೊತ್ತಿರಲಿಲ್ಲ. ನಿನ್ನೆಯವರೆಗೆ ಮಾತಾಡುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಮುಖ ತಗ್ಗಿಸಿ ಕೂತಿದ್ದಾಳೆ, ಅಷ್ಟೇ ಅವಳಿಗೆ ಕಂಡದ್ದು. ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

“ನನಗೆ ಬಂದಿಲ್ಲ ತಾನೆ? ಒಂದ್ಸಲ ಹೇಳು. ಆಮೇಲೆ ಕೇಳಲ್ಲ.”

ನಾನು ಅವಳ ಹೆಗಲಾಚೆ ನೋಡಿದೆ. ಮಗ ಬಾಗಿಲ ಚೌಕಟ್ಟಿಗೆ ತಲೆ ಆನಿಸಿಕೊಂಡಿದ್ದ. ನನಗೆ ಉತ್ತರ ಕೊಡಬೇಡ ಎಂದವನು ಅವನೇ. ಆದರೆ ಆ ಪ್ರಶ್ನೆಯ ಒಳಗಿನ ಬೇಗೆ ಎಷ್ಟು ಎಂದು ಆ ಮನೆಯಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಅವನ ತುಟಿ ಅಲುಗುವುದನ್ನು ಕಂಡೆ. ಬೇಡ ಎಂದು ತಲೆಯಾಡಿಸಿದೆ.

“ಬಂದಿಲ್ಲ ಮಗಳೇ” ಎಂದ ಅವನು.

ಚಿಮಟ ಗಕ್ಕನೆ ಅವನ ಕಡೆ ತಿರುಗಿದಳು. “ನಿಜವಾಗ್ಲೂ?”

“ನಿಜವಾಗ್ಲೂ ಬಂದಿಲ್ಲ.”

“ನೀವು ನೋಡಿ ಹೇಳಿ ಅಪ್ಪಾ. ನನ್ನ ಮುಖ ನೋಡಿ ಹೇಳಿ.”

ಅವನು ಹತ್ತಿರ ಬಂದ. ಬಗ್ಗಿದ. ಅವನ ಅಪ್ಪ ತಕ್ಕಡಿಯ ಮುಂದೆ ಬಗ್ಗುತ್ತಿದ್ದ ಹಾಗೆಯೇ, ಒಂದು ಕಣ್ಣು ಕಿರಿದು ಮಾಡಿ, ಉಸಿರು ತಾಗದ ಹಾಗೆ ತುಸು ದೂರದಿಂದ ಮಗಳ ಮುಖ ನೋಡಿದ.

“ಸರಿ ಇದೆ” ಎಂದ.

ಅವಳ ಭುಜಗಳು ಇಳಿದವು. ಮುಖ ಸಡಿಲವಾಯಿತು. ಆ ಹಗುರವನ್ನು ನಾನು ಎಷ್ಟು ಮುಖಗಳ ಮೇಲೆ ಕಂಡಿದ್ದೇನೋ. ಅದು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತಾ ಕೂತೆ. ನಾನು ಕಾಳನ್ನು ಮೊರಕ್ಕೆ ತುಂಬುವಷ್ಟರಲ್ಲೇ ಅವಳ ಹುಬ್ಬು ಮತ್ತೆ ಗಂಟಾಯಿತು.

“ಅಪ್ಪಾ, ಇನ್ನೊಂದ್ಸಲ” ಎಂದಳು.

ಅವನು ಇನ್ನೊಂದು ಸಲ ಹೇಳಿದ. ಹೇಳಿ ತನ್ನ ಕೈ ನೋಡಿಕೊಂಡ. ಚಿಮಟದ ತುದಿಯಲ್ಲಿ ತಗಡಿನ ಬಟ್ಟು ಇರಲಿಲ್ಲ, ಎಲ್ಲೋ ಬಿದ್ದುಹೋಗಿತ್ತು. ಅವನ ಕಣ್ಣು ನೆಲದ ಮೇಲೆ, ಕಾಳಿನ ಮೇಲೆ, ಮಗಳ ಬಟ್ಟೆಯ ಮೇಲೆ ಓಡಾಡಿ ನನ್ನ ಮೇಲೆ ಬಂದು ನಿಂತಿತು.

“ಅಮ್ಮಾ,” ಎಂದ, “ನಾನು ಅವಳಿಗೆ ಹೇಳಿದ್ದು ತಪ್ಪಾಗ್ಲಿಲ್ಲ ತಾನೆ?”

“ಅಜ್ಜಿ, ಅಪ್ಪ ನೋಡೇ ಹೇಳಿದ್ರು ತಾನೆ?” ಎಂದಳು ಅವಳು.

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಾ ನಿಂತರು.